ಅಮಾವಾಸ್ಯೆಗೆ ಎದ್ದ ಮಗ್ಗ

ಬೆಳಿಗ್ಗೆ ಹತ್ತು ಗಂಟೆ ನಲವತ್ತೊಂದು ನಿಮಿಷ ಏಳು ಸೆಕೆಂಡಿಗೆ ಅದು ಎದ್ದಿತು. ಇಷ್ಟು ಕರಾರುವಾಕ್ಕಾಗಿ ಹೇಳುವಷ್ಟು ನನ್ನ ನೆನಪು ಚುರುಕಲ್ಲ. ನಮ್ಮ ಮನೆಯ ಪವರ್‌ಲೂಮಿಗೆ ನಾನೇ ಕೂರಿಸಿದ್ದ ಅಂಗೈಯಗಲದ ಕಂಪ್ಯೂಟರ್ ತಾನು ಎದ್ದ ಗಳಿಗೆಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಹತ್ತು ನಲವತ್ತೊಂದು ಐವತ್ತಕ್ಕೆ ಅದೇ ಬರಹದಲ್ಲಿ ಇನ್ನೊಂದು ಸಾಲಿದೆ: ಮೋಟಾರು ನಿಂತಿದೆ, ದೋಷವಿಲ್ಲ, ಮಗ್ಗ ಸಿದ್ಧ. ಈ ಎರಡು ಸಾಲುಗಳ ನಡುವಿನ ನಲವತ್ಮೂರು ಸೆಕೆಂಡುಗಳಲ್ಲಿ ನನ್ನ ವೈನಿಯ ಬಲಗೈ ಮಗ್ಗದ ಹಲ್ಲುಗಾಲಿಗಳ ನಡುವೆ ಸಿಕ್ಕಿ ಹೊರಬಂದಿತ್ತು. ಅದರ ಬಗ್ಗೆ ಆ ಬರಹದಲ್ಲಿ ಒಂದಕ್ಷರವೂ ಇಲ್ಲ. ದೋಷವಿಲ್ಲವಂತೆ.

ಆ ಸಾಲನ್ನು ಓದಿದಾಗಲೆಲ್ಲ ಮೈ ಉರಿಯುತ್ತದೆ. ಅದನ್ನು ಹಾಗೆ ಬರೆಯಬೇಕೆಂದು ಕಂಪ್ಯೂಟರಿಗೆ ಹೇಳಿಕೊಟ್ಟವಳೂ ನಾನೇ ಆದ್ದರಿಂದ ಉರಿ ಹೊರಗೆ ಹೋಗುವ ದಾರಿಯೂ ಇಲ್ಲ.

ವೈನಿ ನನ್ನ ಅಣ್ಣನ ಹೆಂಡತಿ. ಇಳಕಲ್ಲಿನ ನಮ್ಮ ಮನೆಯ ಹಿತ್ತಿಲಲ್ಲಿ ತಗಡಿನ ಶೆಡ್ಡಿದೆ. ಅಲ್ಲಿ ಅಣ್ಣನ ನಾಲ್ಕು ಪವರ್‌ಲೂಮುಗಳು. ಪಡಸಾಲೆಯಲ್ಲಿ ವೈನಿಯ ಕುಣಿಮಗ್ಗ, ಕಾಲು ಇಳಿಬಿಟ್ಟು ಕೂರುವ ಕುಣಿಯ ಸಮೇತ. ಶೆಡ್ಡಿನ ಸೀರೆ ಅಂಗಡಿಗೆ ಹೋಗುತ್ತದೆ. ವೈನಿಯ ಸೀರೆಯನ್ನು ಹುಡುಕಿಕೊಂಡು ಜನ ಮನೆಗೆ ಬರುತ್ತಾರೆ. ಅದಕ್ಕೆ ಕಾರಣ ಕೊಂಡಿ. ಸೀರೆಯ ಒಡಲಿಗೆ ಹಾಸಿದ ಎಳೆಗಳೇ ಬೇರೆ, ಸೆರಗಿಗೆ ಹಾಸಿದ ಕೆಂಪು ರೇಷ್ಮೆಯ ಎಳೆಗಳೇ ಬೇರೆ. ಸೆರಗು ಶುರುವಾಗುವ ಕಡೆ ಈ ಎಳೆಯನ್ನು ಆ ಎಳೆಯೊಳಗೆ ಸಿಕ್ಕಿಸಿ, ಒಂದೊಂದನ್ನೇ ಬೆರಳಲ್ಲಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ವೈನಿ ಅದನ್ನು ಕಣ್ಣಿಟ್ಟು ನೋಡುವುದೂ ಇಲ್ಲ. ಬಾಯಲ್ಲಿ ಮಾತು ನಡೆದಿರುತ್ತದೆ, ಹೆಬ್ಬೆರಳು ತೋರುಬೆರಳು ತಮ್ಮ ಪಾಡಿಗೆ ತಾವು ಎಳೆ ಹುಡುಕಿ ಕೂಡಿಸುತ್ತಿರುತ್ತವೆ. ಎಳೆ ದಪ್ಪವೋ ಸಣ್ಣವೋ, ಒಣಗಿದೆಯೋ ಹಸಿಯಿದೆಯೋ, ಎಲ್ಲ ಆ ಬೆರಳತುದಿಗೆ ಗೊತ್ತು.

ನಾನು ಬಾಗಲಕೋಟೆಯಲ್ಲಿ ಕಂಪ್ಯೂಟರ್ ಓದಿದವಳು. ದಿನಾ ಬಸ್ಸಿನಲ್ಲಿ ಹುನಗುಂದಕ್ಕೆ ಹೋಗಿ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನನಗೊಂದು ಚಟವಿದೆ. ಇತ್ತು ಎನ್ನಬೇಕೋ ಏನೋ. ಜಗತ್ತಿನ ಯಾವ ಮೂಲೆಯಲ್ಲಿ ಯಾವ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ಬಿಡುಗಡೆಯಾದರೂ ನನಗೆ ಅದು ಅಂದೇ ತಿಳಿಯಬೇಕು. ದೊಡ್ಡ ಕಂಪನಿಗಳು ಮಾರುವಂಥವಲ್ಲ. ಯಾರು ಬೇಕಾದರೂ ತೆರೆದು ನೋಡಿ, ತಿದ್ದಿ, ಹಂಚಿಕೊಳ್ಳಬಹುದಾದ ಮುಕ್ತ ವ್ಯವಸ್ಥೆಗಳು. ಹಳೆಯ ಲ್ಯಾಪ್‌ಟಾಪಿಗೆಂದೇ ಹಗುರಾಗಿ ಕಟ್ಟಿದ್ದು, ಕಂಪನಿ ಕೈಬಿಟ್ಟ ಫೋನಿಗೆ ಮತ್ತೆ ಜೀವ ಕೊಡುವಂಥದ್ದು, ಸಾಲಿ ಮಕ್ಕಳಿಗೆಂದು ಮಾಡಿದ್ದು. ಕಾಲೇಜಿನಲ್ಲಿ ಗುಜರಿಗೆ ಹಾಕಲು ಕಟ್ಟಿಟ್ಟಿದ್ದ ಹನ್ನೊಂದು ಕಂಪ್ಯೂಟರುಗಳನ್ನು ನಾನು ಹೀಗೆ ಎಬ್ಬಿಸಿದ್ದೇನೆ. ಈ ಸುದ್ದಿಗಳನ್ನೆಲ್ಲ ಕೂಡಿಸಿ ಪ್ರತಿ ಶನಿವಾರ ಸಂಜೆ ಕನ್ನಡದಲ್ಲಿ ಒಂದು ಬರಹ ಹಾಕುತ್ತಿದ್ದೆ. ಬಾದಾಮಿಯ ಸಾಲಿ ಮಾಸ್ತರರು, ಕೆರೂರಿನ ಅಂಗಡಿಯವರು, ನನ್ನ ಹಳೆಯ ವಿದ್ಯಾರ್ಥಿಗಳು ಓದುತ್ತಿದ್ದರು. ಇಂಗ್ಲಿಷಿನಲ್ಲಿ ಮಾತ್ರ ಸಿಗುವ ಸುದ್ದಿ ನಮ್ಮ ಮಾತಿನಲ್ಲಿ ಸಿಕ್ಕಿತಲ್ಲ ಎಂದು ಹೊಗಳುತ್ತಿದ್ದರು. ಹೊಗಳಿಕೆ ತಲೆಗೇರಿತ್ತು.

ಸುದ್ದಿ ಬಂದ ದಿನ ನನ್ನ ಮುಖ ನೋಡಿಯೇ ವೈನಿ ಹೇಳಿಬಿಡುತ್ತಿದ್ದಳು. “ಏನು, ಇವತ್ತ ಮತ್ತ್ಯಾವದೋ ಹಡದಂಗ ಕಾಣಸ್ತೈತಿ? ಹೊಸಾ ಸೀರಿ ತಂದ್ರೂ ನಿನ್ನ ಮಾರಿ ಹಿಂಗ ಅರಳೂದಿಲ್ಲ ನೋಡು.”

ಮಗ್ಗಕ್ಕೆ ಕಂಪ್ಯೂಟರ್ ಬಂದ ಕತೆ ಹೀಗಿದೆ. ಒಂದು ಪವರ್‌ಲೂಮಿಗೆ ದಡಿಯ ವಿನ್ಯಾಸ ನಡೆಸುವ ಡಬ್ಬಿಯೊಂದನ್ನು ಅಣ್ಣ ಕೂರಿಸಿಕೊಂಡಿದ್ದ. ಕೂರಿಸಿದವರು ಹಳೆಯ ಕಬ್ಬಿಣದ ಹಿಡಿಕೆ ಕಿತ್ತು ಎರಡು ಗುಂಡಿ ಕೊಟ್ಟಿದ್ದರು: ಹಸಿರು ಒತ್ತಿದರೆ ಓಡಬೇಕು, ಕೆಂಪು ಒತ್ತಿದರೆ ನಿಲ್ಲಬೇಕು. ಕೆಲವೇ ವರ್ಷಕ್ಕೆ ಡಬ್ಬಿ ಸತ್ತಿತು. ಫೋನ್ ಮಾಡಿದರೆ, ಆ ಮಾಡೆಲ್ ನಿಂತುಹೋಗಿದೆ, ಹೊಸದು ತಗೊಳ್ಳಿ ಎಂದರು. ತೆರೆದು ನೋಡೋಣವೆಂದರೆ ಸೀಲು, ಸ್ಕ್ರೂ ಕೂಡ ಯಾರಿಗೂ ಬಿಚ್ಚಲು ಬಾರದ ಜಾತಿಯದು. ನಾವು ಇಟ್ಟುಕೊಂಡ ಮಗ್ಗ, ನಮ್ಮ ಮನೆಯ ಕರೆಂಟು, ಆದರೆ ಒಳಗೇನಿದೆ ಎಂದು ನೋಡುವ ಹಕ್ಕು ನಮಗಿಲ್ಲ. ಆ ಸಿಟ್ಟಿನಲ್ಲೇ ನಾನು ಡಬ್ಬಿಯ ಜಾಗದಲ್ಲಿ ಒಂದು ಪುಟ್ಟ ಕಂಪ್ಯೂಟರ್ ಕೂರಿಸಿ, ಅದಕ್ಕೆ ಮುಕ್ತ ವ್ಯವಸ್ಥೆಯೊಂದನ್ನು ಹಾಕಿ, ವಿನ್ಯಾಸದ ಪ್ರೋಗ್ರಾಂ ಬರೆದೆ. ತಂತಿ ಕೆಲಸಕ್ಕೆ ಕೈಜೋಡಿಸಿದವರು ನಮ್ಮ ಓಣಿಯ ಮಗ್ಗಗಳನ್ನೆಲ್ಲ ರಿಪೇರಿ ಮಾಡುವ ಮಿಸ್ತ್ರಿ ಚಾಚಾ. ಅಪ್ಪನ ಓರಗೆಯವರು, ನಮ್ಮ ಮನೆಯ ಮಗ್ಗಗಳನ್ನು ನಮಗಿಂತ ಚೆನ್ನಾಗಿ ಬಲ್ಲವರು.

ಅಂದು ಚಾಚಾ ಕೆಂಪು ಗುಂಡಿಯ ತಂತಿ ಹಿಡಿದು ಕೇಳಿದ್ದರು. “ಬೇಟಿ, ಇದನ್ನ ಒತ್ತಿದ್ರ ಕರೆಂಟ್ ಕಡೀತೈತೇನು?”

“ಒತ್ತಿದ್ದು ಕಂಪ್ಯೂಟರಿಗೆ ಗೊತ್ತಾಕ್ಕೈತಿ ಚಾಚಾ. ಅದು ಮೋಟಾರ್ ನಿಲ್ಲಸ್ತೈತಿ.”

“ಅಂದ್ರ ಗುಂಡಿ ಅದರ ಅಪ್ಪಣಿ ಕೇಳಬೇಕು.”

“ಅಪ್ಪಣಿ ಏನ್ ಬಂತ್ರಿ. ಕಣ್ಣ ಮುಚ್ಚಿ ತೆಗಿಯೂದ್ರಾಗ ಆಗ್ತೈತಿ.”

“ಅದು ನಿದ್ದಿ ಮಾಡಾಕತ್ತಿದ್ರ?”

“ಕಂಪ್ಯೂಟರ್ ನಿದ್ದಿ ಮಾಡೂದಿಲ್ಲ ಚಾಚಾ,” ಎಂದು ನಕ್ಕಿದ್ದೆ. ಅವರು, ಕಲಿತವಳು ನೀನು, ನಿನಗೆ ಗೊತ್ತು, ಎಂಬಂತೆ ತಲೆಯಾಡಿಸಿ ತಂತಿ ಬಿಗಿದಿದ್ದರು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಎರಡು ವರ್ಷ ಅದು ಒಂದು ದಿನವೂ ತಪ್ಪಿಲ್ಲದೆ ನಡೆಯಿತು. ಇದನ್ನು ನಾನು ಮತ್ತೆ ಮತ್ತೆ ನನಗೇ ಹೇಳಿಕೊಳ್ಳಬೇಕು. ಕೆಟ್ಟಿರಲಿಲ್ಲ. ಸರಿಮಾಡಬೇಕಾದ್ದು ಏನೂ ಇರಲಿಲ್ಲ.

ಆ ಶನಿವಾರ ಆ ವ್ಯವಸ್ಥೆಯ ಹೊಸ ಆವೃತ್ತಿ ಬಂತು. ಬಿಡುಗಡೆಯ ಸುದ್ದಿಗಳು ಹೇಗಿರುತ್ತವೆಂದು ಓದಿದವರಿಗೆ ಗೊತ್ತು. ಎಲ್ಲದರಲ್ಲೂ ಅದೇ ಮದುವಣಗಿತ್ತಿಯ ವರ್ಣನೆ. ಮೊದಲಿಗಿಂತ ಬೇಗ ಏಳುತ್ತದೆ, ಬಣ್ಣ ಬದಲಾಗಿದೆ, ಹೊಸ ಗೋಡೆಚಿತ್ರ, ದುಂಡನೆಯ ಅಂಚು. ಜೊತೆಗೆ ಉದ್ದನೆಯ ಬಿಡುಗಡೆ ಟಿಪ್ಪಣಿ. ನಾನು ಮೊದಲಿನ ಎರಡು ಪುಟ ಓದಿ ಸಂಜೆಯೇ ಬರಹ ಹಾಕಿದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ‘ಧೈರ್ಯವಾಗಿ ಹಾಕಿಕೊಳ್ಳಿ. ನಾಳೆ ನಮ್ಮ ಮಗ್ಗಕ್ಕೂ ಹಾಕುತ್ತಿದ್ದೇನೆ.’

ನಾಳೆ ಎಂದರೆ ಅಮಾವಾಸ್ಯೆ.

ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಮಗ್ಗ ಓಡುವುದಿಲ್ಲ. ಅಪ್ಪನ ಕಾಲದಿಂದಲ್ಲ, ಅಪ್ಪನ ಅಜ್ಜನ ಕಾಲದಿಂದ. ಆ ದಿನ ಮಗ್ಗವನ್ನು ಗುಡಿಸಿ, ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ ಕಾಯಿ ಒಡೆಯುತ್ತಾರೆ. ಮಿಸ್ತ್ರಿ ಚಾಚಾನಿಗೆ ತಿಂಗಳಲ್ಲಿ ಅತಿ ಹೆಚ್ಚು ಕೆಲಸವಿರುವ ದಿನ ಅದೇ. ಎಲ್ಲರ ಮಗ್ಗವೂ ನಿಂತಿರುತ್ತದಲ್ಲ, ಬಿಚ್ಚಿ ರಿಪೇರಿ ಮಾಡಬಹುದು. ಗಾಲಿಗಳ ಮೇಲಿನ ಮುಚ್ಚಳಗಳನ್ನು ಆ ದಿನ ತೆಗೆದಿಡುತ್ತಾರೆ. ಮೇನ್ ಸ್ವಿಚ್ ತೆಗೆದಿದೆಯೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಅಮಾವಾಸ್ಯೆಗೆ ಮಗ್ಗ ಓಡುವುದಿಲ್ಲ ಎಂಬುದೇ ನಮ್ಮ ಮೇನ್ ಸ್ವಿಚ್ಚು. ಅದನ್ನು ಹಾಕುವ ಕೈ ಇಡೀ ಓಣಿಯಲ್ಲಿ ಇರಲಿಲ್ಲ, ನನ್ನದೊಂದು ಬಿಟ್ಟು.

ಅಣ್ಣ ಬನಶಂಕರಿ ದೇವಿಗೆ ನಡೆದುಕೊಳ್ಳುವವನು. ಬೆಳಿಗ್ಗೆಯೇ ಬಾದಾಮಿಯ ಬಸ್ಸು ಹಿಡಿದಿದ್ದ. ನಾನು ಒಂಬತ್ತೂವರೆಗೆ ಶೆಡ್ಡಿಗೆ ಹೋಗಿ ಹೊಸ ಆವೃತ್ತಿ ಇಳಿಯಲು ಹಚ್ಚಿದೆ. ವೈನಿ ಸೆರಗು ಸಿಕ್ಕಿಸಿಕೊಂಡು ಹಳೇ ಬಟ್ಟೆ, ಎಣ್ಣೆ ಡಬ್ಬಿ ಹಿಡಿದು ಬಂದಳು. ಚಾಚಾ ಆಚೆಯ ಮಗ್ಗದ ಕೆಳಗೆ ಮಲಗಿ ಏನೋ ಬಿಚ್ಚುತ್ತಿದ್ದರು.

“ಮೇನ್ ತೆಗೀಲೇನು?” ಎಂದಳು ವೈನಿ.

“ಬ್ಯಾಡ್ರಿ ವೈನಿ, ಅಪ್ಡೇಟ್ ನಡದೈತಿ. ನಡುವ ಕರೆಂಟ್ ಹೋತಂದ್ರ ಎಲ್ಲಾ ಕೆಡ್ತೈತಿ.”

“ಮತ್ತ ಇದು ಗಿರ್ ಅಂದ್ರ?”

“ಅಮಾಸಿ ದಿನ ಯಾರ್ ಚಾಲೂ ಮಾಡ್ತಾರ್ರಿ?”

ಮಗ್ಗದ ಕೆಳಗಿನಿಂದಲೇ ಚಾಚಾ ಅಂದರು, “ಅದಕ್ಕೂ ಅಮಾಸಿ ರಜಾ ಕೊಡವಾ, ಪಾಪ. ವರ್ಷಕ್ಕ ಎರಡು ಸಲ ಹೊಸಾ ಜನ್ಮ ಎತ್ತಿ ಎತ್ತಿ ಸೋತೈತಿ.” ಮೂವರೂ ನಕ್ಕೆವು. ವೈನಿ ಬಟ್ಟೆಯನ್ನು ಉಂಡೆ ಮಾಡಿ ಗಾಲಿಯ ಹಲ್ಲುಗಳ ನಡುವಿನ ಜಿಡ್ಡು ಒರೆಸತೊಡಗಿದಳು. ಒಲೆಯ ಮೇಲೆ ಹೋಳಿಗೆಯ ಬೇಳೆ ಇತ್ತು. ನಾನು ಕಣಕ ನಾದಲು ಒಳಗೆ ಹೋದೆ.

ಅಮಾವಾಸ್ಯೆಯ ದಿನ ನಮ್ಮ ಓಣಿ ಎಷ್ಟು ಮೌನವಾಗಿರುತ್ತದೆಂದರೆ, ಬೇರೆ ದಿನ ಕೇಳದ ಗುಬ್ಬಿ, ಬೇರೆ ದಿನ ಕೇಳದ ಜಗಳ ಎಲ್ಲ ಕೇಳುತ್ತವೆ. ಆ ಮೌನದಲ್ಲಿ ಒಂದು ಮಗ್ಗ ಓಡಿತು. ಖಟ್ ಖಟ್ ಎಂದು ಒಂದೇ ಮಗ್ಗ. ಎದುರುಮನೆಯವರು ಬಾಗಿಲಿಗೆ ಬಂದದ್ದು ನನಗೆ ಕಂಡಿತು. ಇಡೀ ಓಣಿಗೆ ತಪ್ಪೆಂದು ಗೊತ್ತಾದ ಸದ್ದು ಅದು. ಅದರ ಹಿಂದೆಯೇ ವೈನಿ ಕೂಗಿದಳು.

ನಾನು ಓಡಿ ಶೆಡ್ಡಿನ ಬಾಗಿಲಿಗೆ ಬಂದೆ. ಬಂದು ನಿಂತೆ. ಬಟ್ಟೆಯ ಉಂಡೆಯನ್ನು ಗಾಲಿ ಎಳೆದುಕೊಂಡಿತ್ತು, ಬಟ್ಟೆಯ ಹಿಂದೆ ಬೆರಳು ಹೋಗಿತ್ತು. ವೈನಿ ಎಡಗೈಯಿಂದ ಕಂಬ ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದಳು. ಚಾಚಾ ಎದ್ದು ಬಂದು ಕೆಂಪು ಗುಂಡಿಯನ್ನು ಒತ್ತುತ್ತಿದ್ದರು. ಅಂಗೈಯಿಂದ ಒತ್ತಿದರು, ಮುಷ್ಟಿಯಿಂದ ಗುದ್ದಿದರು. ಗುಂಡಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಮಗ್ಗ ಓಡುತ್ತಲೇ ಇತ್ತು. ಯಾಕೆಂದರೆ ಗುಂಡಿ ಯಾರನ್ನು ಕೇಳಬೇಕಿತ್ತೋ ಅದು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

“ಮೇನ್! ಮೇನ್ ತೆಗಿ ಬೇಟಿ!”

ಮೇನ್ ಸ್ವಿಚ್ಚು ಶೆಡ್ಡಿನ ಬಾಗಿಲ ಪಕ್ಕದಲ್ಲೇ ಇದೆ. ನನ್ನ ಭುಜಕ್ಕೆ ತಾಗುವಷ್ಟು ಹತ್ತಿರ. ಕೈ ಎತ್ತಿದರೆ ಸಾಕಿತ್ತು. ನಾನು ನನ್ನ ಕೈಗಳನ್ನು ನೋಡಿದೆ, ಕಣಕ ಮೆತ್ತಿತ್ತು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದು ಎಂಬ ಚಿಕ್ಕಂದಿನ ಪಾಠ ಆ ಗಳಿಗೆಯಲ್ಲಿ ತಲೆಗೆ ಬಂತು. ನಗಬೇಕೋ ಅಳಬೇಕೋ. ಓದಿದ್ದೆಲ್ಲ ಮರೆತು ಅದೊಂದು ನೆನಪಾಯಿತು. ನಾನು ನಿಂತೇ ಇದ್ದೆ.

ಚಾಚಾ ನನ್ನನ್ನು ಕಾಯಲಿಲ್ಲ. ಮೂಲೆಯಲ್ಲಿದ್ದ ಬಡಿಗೆ ತೆಗೆದುಕೊಂಡು ಮೋಟಾರಿನಿಂದ ಮಗ್ಗಕ್ಕೆ ಹೋಗುವ ಪಟ್ಟಾದ ಮೇಲೆ ಹೊಡೆದರು. ಎರಡನೇ ಏಟಿಗೆ ಪಟ್ಟಾ ಹಾರಿ ಕೆಳಗೆ ಬಿತ್ತು. ಮಗ್ಗ ನಿಂತಿತು. ಮೋಟಾರು ಒಂದೇ ತಿರುಗುತ್ತಿತ್ತು. ಚಾಚಾ ಗಾಲಿಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದರು. ವೈನಿ ನೆಲಕ್ಕೆ ಕುಸಿದು ಕೂತ ಮೇಲೆ, ಎಲ್ಲ ಮುಗಿದ ಮೇಲೆ, ನನ್ನ ಕಂಪ್ಯೂಟರ್ ಪೂರ್ತಿ ಎಚ್ಚರಾಗಿ, ಟಿಕ್ ಎಂದು ಮೋಟಾರು ಆರಿಸಿ, ಮಗ್ಗ ಸಿದ್ಧ ಎಂದು ಬರೆದುಕೊಂಡಿತು.

ಎದುರುಮನೆಯವರ ಕಾರಿನಲ್ಲಿ ಬಾಗಲಕೋಟೆಗೆ ಹೋದೆವು. ವೈನಿಯ ಕೈಗೆ ಸುತ್ತಿದ್ದ ಟವೆಲ್ಲು ಹುನಗುಂದ ದಾಟುವ ಹೊತ್ತಿಗೆ ಪೂರ್ತಿ ಕೆಂಪಾಗಿತ್ತು. ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು. “ಬ್ಯಾಳಿ ಇಳಿಸಿ ಬಂದ್ಯಾ? ತಳಾ ಹತ್ತತಾವ.”

ಬಟ್ಟೆಯ ಉಂಡೆ ದಪ್ಪಗಿದ್ದದ್ದರಿಂದ ಬೆರಳು ತುಂಡಾಗಲಿಲ್ಲ. ತೋರುಬೆರಳು, ನಡುಬೆರಳು ಎರಡರ ತುದಿ ಜಜ್ಜಿ ಎಲುಬು ಸೀಳಿತ್ತು, ಉಗುರು ಹೋಗಿತ್ತು. ದವಾಖಾನಿಯ ಡಾಕ್ಟರು ಹೊಲಿಗೆ ಹಾಕಿ, ಹೊರಗೆ ಬಂದು ನನಗೆ ಹೇಳಿದರು. “ಬೆರಳು ಉಳೀತಾವ್ರಿ. ಆದ್ರ ತುದಿಯೊಳಗ ಮುಟ್ಟಿದ್ದು ಗೊತ್ತಾಗೂದು ವಾಪಸ್ ಬರತದೋ ಇಲ್ಲೋ, ಈಗ ಹೇಳಾಕ ಬರೂದಿಲ್ಲ. ಮನ್ಯಾಗ ಏನ್ ಕೆಲಸ ಮಾಡ್ತಾರ?”

“ಕೊಂಡಿ ಹಾಕ್ತಾರ್ರಿ,” ಎಂದೆ. ಬಾಗಲಕೋಟೆಯ ಡಾಕ್ಟರಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಅವರು ಮುಖ ಬೇರೆ ಕಡೆ ತಿರುಗಿಸಿದರು.

ಆ ರಾತ್ರಿಯಿಂದ ನಿದ್ದೆ ಹೋಯಿತು. ಅವಳಿಗೆ ನೋವಿನಿಂದ, ನನಗೆ ಸದ್ದಿನಿಂದ. ಕಣ್ಣು ಮುಚ್ಚಿದರೆ ಖಟ್ ಖಟ್, ಗುಂಡಿ ಗುದ್ದುವ ಮುಷ್ಟಿ, ಮೇನ್ ತೆಗಿ ಬೇಟಿ. ಪ್ರತಿಸಲವೂ ನಾನು ಕೈ ಎತ್ತುತ್ತೇನೆ. ಪ್ರತಿಸಲವೂ ಎತ್ತುವುದಿಲ್ಲ.

ಮೂರನೇ ದಿನ ಕಾರಣ ಸಿಕ್ಕಿತು. ಹಳೆಯ ಆವೃತ್ತಿ ಏಳುವಾಗ ತನಗೆ ಜೋಡಿಸಿದ ತಂತಿಗಳನ್ನೆಲ್ಲ ಆರಿದ ಸ್ಥಿತಿಯಲ್ಲಿಡುತ್ತಿತ್ತು. ಹೊಸದು ಏಳುವಾಗ ಕೆಲವನ್ನು ಹೊತ್ತಿದ ಸ್ಥಿತಿಯಲ್ಲಿಡುತ್ತದೆ, ಪ್ರೋಗ್ರಾಂ ಬಂದು ಬೇಡ ಅನ್ನುವವರೆಗೆ. ಅದರಲ್ಲೊಂದು ನಮ್ಮ ಮೋಟಾರಿನ ತಂತಿ. ಜೊತೆಗೆ, ಅಪ್ಡೇಟ್ ಮುಗಿದ ಮೇಲೆ ಕೇಳದೆಯೇ ತಾನಾಗಿ ಮರುಪ್ರಾರಂಭವಾಗುವುದೂ ಹೊಸ ಆವೃತ್ತಿಯ ಸೌಲಭ್ಯ. ಸೌಲಭ್ಯ ಎಂದೇ ಬರೆದಿದ್ದಾರೆ.

ಆ ವ್ಯವಸ್ಥೆಯನ್ನು ಕಟ್ಟುವವರ ವೇದಿಕೆಯಲ್ಲಿ ನಾನು ಬರೆದೆ. ಬರೆದೆ ಎನ್ನುವುದಕ್ಕಿಂತ ಬೈದೆ. ಒಂದು ಹೆಂಗಸಿನ ಕೈ ಹೋಗುತ್ತಿತ್ತು, ಇಂಥದ್ದನ್ನು ಸದ್ದಿಲ್ಲದೆ ಬದಲಾಯಿಸುತ್ತೀರಾ ಎಂದು. ಉತ್ತರ ಎರಡು ಸಾಲು. ಬದಲಾವಣೆಯನ್ನು ಬಿಡುಗಡೆ ಟಿಪ್ಪಣಿಯಲ್ಲಿ ತಿಳಿಸಲಾಗಿದೆ. ಮನುಷ್ಯರ ಜೀವಕ್ಕೆ ಅಪಾಯವಿರುವ ಕಡೆ ಈ ತಂತ್ರಾಂಶವನ್ನು ಮಾತ್ರ ನೆಚ್ಚಬಾರದೆಂದು ಮೊದಲ ದಿನದಿಂದಲೂ ಬರೆದಿದ್ದೇವೆ.

ಟಿಪ್ಪಣಿ ತೆಗೆದು ನೋಡಿದೆ. ಇತ್ತು. ಹನ್ನೆರಡನೆಯ ಪುಟದಲ್ಲಿ, ಒಂದು ಪ್ರಿಂಟರಿನ ದುರಸ್ತಿಗೂ ಹೊಸ ಗೋಡೆಚಿತ್ರಗಳ ಪಟ್ಟಿಗೂ ನಡುವೆ, ಒಂದೇ ಸಾಲು. ಗೋಡೆಚಿತ್ರಕ್ಕೆ ಎಂಟು ಸಾಲು.

ಅವರ ಮೇಲೆ ಸಿಟ್ಟು ಬಂತು. ಅವರು ಹೇಳಿದ್ದು ಖರೆಯಾದ್ದರಿಂದ ಸಿಟ್ಟು ಇನ್ನೂ ಹೆಚ್ಚಿತು. ಡಬ್ಬಿ ಮಾರಿದವರಿಗೆ ಫೋನ್ ಮಾಡಿದೆ, ಸೀಲು ಹಾಕದೆ ಇದ್ದಿದ್ದರೆ ಇದಾವುದೂ ಆಗುತ್ತಿರಲಿಲ್ಲ ಎಂದು ಕೂಗಾಡಿದೆ. ಆಚೆಯ ದನಿ ತಣ್ಣಗೆ ಅಂದಿತು: “ನಮ್ಮ ಡಬ್ಬಿ ತೆಗೆದವರು ನೀವು ಮೇಡಂ. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗೀತು.” ಅವರಿಗೆ ಮುಚ್ಚಿಟ್ಟರೂ ಜವಾಬ್ದಾರಿಯಿಲ್ಲ, ಇವರಿಗೆ ತೆರೆದಿಟ್ಟರೂ ಜವಾಬ್ದಾರಿಯಿಲ್ಲ. ನಡುವೆ ವೈನಿಯ ಎರಡು ಬೆರಳು.

ಮನೆಯಲ್ಲಿ ಅಪ್ಪ ಒಂದೇ ರಾಗ ಹಿಡಿದಿದ್ದ. “ಅಮಾಸಿ ದಿನ ಮಗ್ಗ ಮಲಗಬೇಕವ್ವಾ. ನೀ ಎಬ್ಬಿಸಿದಿ.”

ನಾನು ತಡೆದುಕೊಳ್ಳಲಿಲ್ಲ. “ಅಮಾಸಿಗೂ ಇದಕ್ಕೂ ಏನೂ ಸಂಬಂಧಿಲ್ಲಪಾ! ಮೇನ್ ತೆಗದಿದ್ರ ಅದು ಏಳತಿದ್ದಿಲ್ಲ, ಅಷ್ಟ!”

“ನಾ ಮತ್ತೇನ್ ಹೇಳಾಕತ್ತೇನಿ?” ಎಂದ ಅಪ್ಪ, ನನ್ನನ್ನು ನಿಜಕ್ಕೂ ಅರ್ಥವಾಗದವನಂತೆ ನೋಡುತ್ತ.

ಅಪಶಕುನದ ಮಾತಾಡುತ್ತಾನೆಂದು ನಾನು ಕೂಗಾಡಿದ್ದೆ. ಅವನು ಆಡಿದ್ದು ಬರೀ ಮಗ್ಗದ ಮಾತು.

ಐದನೇ ದಿನ ಕಾಲೇಜಿನಲ್ಲಿದ್ದಾಗ ಗುಡೂರಿನಿಂದ ಒಂದು ಫೋನ್ ಬಂತು. ನನ್ನ ಶನಿವಾರದ ಬರಹ ಓದುವ ರೈತರೊಬ್ಬರು. ತೋಟದ ಪಂಪು ನಡೆಸಲು ಅಂಥದ್ದೇ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡವರು.

“ನಮಸ್ಕಾರ್ರಿ ಮೇಡಮ್ಮಾರ. ನಿಮ್ಮ ಸುದ್ದಿ ಓದಿ ಹೊಸಾದು ಹಾಕೇನ್ರಿ. ಭಾಳ ಚಲೋ ಐತಿ, ಲಗೂನ ಏಳತೈತಿ. ಆದ್ರ ಒಂದ್ ಸಣ್ಣ ತಕರಾರ್ರಿ. ಕರೆಂಟ್ ಹೋಗಿ ಬಂದ್ರ ಪಂಪ್ ತಾನ ಚಾಲೂ ಆಕ್ಕೈತಿ. ನಿನ್ನೆ ನಮ್ಮ ತಮ್ಮ ಬಾವ್ಯಾಗ ಇಳಿದು ಪೈಪ್ ಬಿಗೀತಿದ್ದ…”

“ಏನಾತ್ರಿ ಅವಗ?”

“ಏನೂ ಆಗಿಲ್ರಿ, ಪೈಪ್ ಝಾಡಿಸಿದ್ದಕ್ಕ ಒಂದ್ ಮುಳುಗು ಹಾಕಿ ಎದ್ದ, ಅಷ್ಟ. ಬೈಕೋತ ಮ್ಯಾಲ ಬಂದ. ಅಂವಗ ಈಜ ಬರತೈತಿ ಬಿಡ್ರಿ.” ಅವರು ನಗುತ್ತಿದ್ದರು.

ನಾನು ಕಂಪ್ಯೂಟರ್ ಲ್ಯಾಬಿನ ಹೊರಗೆ ಗೋಡೆ ಹಿಡಿದು ನಿಂತೆ. ಐದು ದಿನದಿಂದ ಜಗತ್ತನ್ನೆಲ್ಲ ಬೈಯುತ್ತಿದ್ದೆ. ‘ಧೈರ್ಯವಾಗಿ ಹಾಕಿಕೊಳ್ಳಿ’ ಎಂಬ ನನ್ನ ಸಾಲು ಐದು ದಿನವೂ ಅಲ್ಲೇ ಇತ್ತು. ತೆಗೆದುಹಾಕಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಹನ್ನೆರಡನೆಯ ಪುಟದಲ್ಲಿ ಮುಚ್ಚಿಟ್ಟರೆಂದು ಅವರನ್ನು ಬೈದವಳು ನಾನು. ನಾನಂತೂ ಆ ಒಂದು ಸಾಲನ್ನೂ ಬರೆದಿರಲಿಲ್ಲ.

ಗುಡೂರಿನ ರೈತರಿಗೆ ಫೋನಿನಲ್ಲೇ ಹೇಳಿಕೊಟ್ಟು ಹಳೆಯ ಆವೃತ್ತಿಗೆ ಮರಳಿಸಿದೆ. ಮಧ್ಯಾಹ್ನದ ಪಾಠ ಬಿಟ್ಟು, ಸಿಬ್ಬಂದಿ ಕೋಣೆಯಲ್ಲಿ ಕೂತು ಹೊಸ ಬರಹ ಹಾಕಿದೆ. ನಯ ನಾಜೂಕು ಏನೂ ಇರಲಿಲ್ಲ. ಈ ಆವೃತ್ತಿ ಮೋಟಾರು, ಪಂಪು, ಮಗ್ಗ ಯಾವುದಕ್ಕೂ ಬೇಡ. ಹಾಕಿದ್ದರೆ ಇಂದೇ ತೆಗೆಯಿರಿ. ನಿಮ್ಮ ಕೆಂಪು ಗುಂಡಿ ಕಂಪ್ಯೂಟರನ್ನು ಕೇಳುವಂತಿದ್ದರೆ ಅದು ಗುಂಡಿಯೇ ಅಲ್ಲ. ಕಳೆದ ವಾರ ನಾನು ಟಿಪ್ಪಣಿಯನ್ನು ಪೂರ್ತಿ ಓದದೆ ಬರೆದೆ. ನಮ್ಮ ಮನೆಯಲ್ಲಿ ಒಬ್ಬರ ಕೈ ಜಜ್ಜಿದೆ. ಆಮೇಲೆ ಮೋಟಾರು ಕೂರಿಸಿಕೊಂಡಿದ್ದಾರೆಂದು ನನಗೆ ಗೊತ್ತಿದ್ದ ಪ್ರತಿಯೊಬ್ಬರಿಗೂ ಫೋನ್ ಮಾಡಿದೆ. ಕೆರೂರಿನ ಹಿಟ್ಟಿನ ಗಿರಣಿಯವರೊಬ್ಬರು ನಕ್ಕರು. “ನಾ ನಿಮ್ಮ ಬರಹ ಓದತೇನ್ರಿ, ಆದ್ರ ಹಾಕೂದಿಲ್ಲ. ಓಡೂ ಎತ್ತಿಗೆ ಯಾಕ್ರಿ ಬಾರಕೋಲು?”

ನನ್ನ ಇಡೀ ಓದಿಗಿಂತ ಆ ಗಿರಣಿಯವರ ಮಾತು ಗಟ್ಟಿ.

ಚಾಚಾ ಮಾತ್ರ ನನ್ನನ್ನು ಬೈಯಲಿಲ್ಲ. ಅದೇ ಸಹಿಸಲಾಗದ್ದು. ಒಂದು ಸಂಜೆ ನಾನೇ ಹೋಗಿ ಅಂದೆ, “ಚಾಚಾ, ನೀವು ಅವತ್ತ ಕೇಳಿದ್ರಿ, ನಾ ನಕ್ಕೆ.”

“ಕೇಳಿದೆ. ಮತ್ತ ತಂತಿ ಬಿಗದವ ಯಾರು?” ತಮ್ಮ ಎರಡೂ ಕೈ ಮುಂದೆ ಹಿಡಿದರು. “ನಲವತ್ತ್ ವರ್ಷ ಮಗ್ಗ ಬಿಚ್ಚೇನಿ. ಕರೆಂಟ್ ಕಡೀದ ಗುಂಡಿ ಗುಂಡಿ ಅಲ್ಲ ಅಂತ ನನಗ ಗೊತ್ತಿತ್ತು. ಕಲ್ತಾಕಿ ಹೇಳ್ಯಾಳ ಅಂತ ಸುಮ್ನಾದೆ. ನಿಂದಷ್ಟ ಅಲ್ಲವಾ ತಪ್ಪು. ನಡಿ, ನಾಳೆ ಬಂದು ಅದನ್ನ ಕೀಳತೇನಿ.”

ಮರುದಿನ ಕೆಂಪು ಗುಂಡಿಯ ತಂತಿಯನ್ನು ಕಂಪ್ಯೂಟರಿನಿಂದ ಕಿತ್ತು ನೇರವಾಗಿ ಕರೆಂಟಿನ ದಾರಿಗೆ ಹಾಕಿದರು. ಈಗ ಅದನ್ನು ಒತ್ತಿದರೆ ಕಂಪ್ಯೂಟರ್ ಎದ್ದಿರಲಿ, ಮಲಗಿರಲಿ, ಸತ್ತಿರಲಿ, ಮೋಟಾರಿಗೆ ಕರೆಂಟಿಲ್ಲ. ನಾನು ಹಳೆಯ ಆವೃತ್ತಿ ಮರಳಿ ಹಾಕಿದೆ. ಅದನ್ನೂ ಕಿತ್ತೆಸೆಯಬೇಕೆಂದು ಅನಿಸಿತ್ತು. ವೈನಿ ಬೇಡವೆಂದಳು. “ಅದನ್ನ ಒಗದು ಮತ್ತ ಆ ಸೀಲ್ ಡಬ್ಬಿ ತರ್ತೀರೇನು? ಇದರಾಗ ಏನ್ ತಪ್ಪಾಗೈತಿ ಅಂತ ಮೂರ್ ದಿನದಾಗ ಗೊತ್ತಾತು. ಅದರಾಗ ಆಗಿದ್ರ ಯಾರ್ ಹೇಳತಿದ್ರು?” ಆ ಕೈಯ ಬ್ಯಾಂಡೇಜನ್ನು ಎದೆಗೆ ಆನಿಸಿಕೊಂಡು ಅವಳು ಈ ಮಾತು ಹೇಳಿದಳು. ನಾನು ಅದಕ್ಕೂ ಸಿಡುಕಿದೆ. ನನ್ನನ್ನು ಯಾರೂ ಸಮಾಧಾನ ಮಾಡುವುದು ಬೇಕಿರಲಿಲ್ಲ.

ಹೊಲಿಗೆ ಬಿಚ್ಚಿದರು. ಬೆರಳು ಮಡಚಿದವು. ತುದಿಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಬಿಸಿ ಗೊತ್ತಾಗದೆ ಒಂದು ದಿನ ಹಂಚಿನಲ್ಲಿ ಸುಟ್ಟುಕೊಂಡಳು. ದಿನಾ ಊಟವಾದ ಮೇಲೆ ಕುಣಿಮಗ್ಗದ ಬಳಿ ಕೂತು, ಕಣ್ಣು ಮುಚ್ಚಿ, ನನ್ನ ಕೈಗೆ ಎಳೆ ಕೊಟ್ಟು ಅವಳ ಬೆರಳ ಮೇಲೆ ಇಡಲು ಹೇಳುತ್ತಿದ್ದಳು.

“ಇಟ್ಯಾ?”

“ಇಟ್ಟೇನ್ರಿ.”

“ಸುಳ್ಳ ಹೇಳಬ್ಯಾಡ.”

“ಇಟ್ಟೇನ್ರಿ ವೈನಿ.”

ಅವಳು ಕಣ್ಣು ತೆರೆದು ಬೆರಳ ಮೇಲೆ ಬಿದ್ದಿರುವ ಕೆಂಪು ಎಳೆಯನ್ನು ಬೇರೆಯವರ ಬೆರಳ ಮೇಲಿರುವಂತೆ ನೋಡುತ್ತಿದ್ದಳು. ಅರ್ಧ ನಿಂತ ಸೀರೆ ಮಗ್ಗದ ಮೇಲೇ ಇತ್ತು. ಒಡಲು ಮುಗಿದು ಸೆರಗು ಕೂಡಬೇಕಾದ ಕಡೆ ನಿಂತಿತ್ತು. ಬೇರೆಯವರ ಕೈಲಿ ಕೊಂಡಿ ಹಾಕಿಸೋಣವೆಂದು ಅಣ್ಣ ಒಮ್ಮೆ ಅಂದ. ವೈನಿ ಅವನತ್ತ ನೋಡಿದ ರೀತಿಗೆ ಎರಡನೇ ಸಲ ಅನ್ನಲಿಲ್ಲ.

ಎರಡು ಅಮಾವಾಸ್ಯೆ ಕಳೆದವು. ಎರಡರಂದೂ ಅಪ್ಪ ಶೆಡ್ಡಿಗೆ ಯಾರನ್ನೂ ಬಿಡಲಿಲ್ಲ. ಮಗ್ಗಗಳು ಒರೆಸದೆ ಧೂಳು ಹಿಡಿದವು. ಮೂರನೆಯದಕ್ಕೆ ವೈನಿಯೇ ಎದ್ದು ಎಣ್ಣೆ ಡಬ್ಬಿ ಕೈಗೆತ್ತಿಕೊಂಡಳು. ನನ್ನ ಕಾಲು ಬಾಗಿಲಲ್ಲೇ ನಿಂತವು. ಅವಳು ಒಳಗೆ ಹೋಗಲಿಲ್ಲ. ಬಾಗಿಲ ಪಕ್ಕದ ಮೇನ್ ಇಳಿಸಿ, ಸ್ವಿಚ್ಚಿನ ಡಬ್ಬಿ ತೆರೆದು, ಪಿಂಗಾಣಿಯ ಮೂರು ಫ್ಯೂಜು ಒಂದೊಂದಾಗಿ ಕಿತ್ತಳು. ಮೂರನ್ನೂ ತಂದು ಪೂಜೆಯ ತಟ್ಟೆಯಲ್ಲಿ, ಕಾಯಿ ಊದಿನಕಡ್ಡಿಗಳ ನಡುವೆ ಇಟ್ಟಳು.

ಅಪ್ಪ ನೋಡಿದ. ಮೂರು ಫ್ಯೂಜಿಗೂ ವಿಭೂತಿ ಹಚ್ಚಿದ. ಕೆಲಸಕ್ಕೆ ಬಂದಿದ್ದ ಚಾಚಾ ಬಾಗಿಲಲ್ಲಿ ನಿಂತು ನಕ್ಕರು. “ಹಾಂ. ಈಗ ಖರೆ ಅಮಾಸಿ ಆತು ನೋಡ್ರಿ.” ಮುಂದಿನ ಸಲ ಅವರು ಹೋದ ಮನೆಗಳಲ್ಲೆಲ್ಲ ಮೊದಲು ಫ್ಯೂಜು ತಟ್ಟೆಗೆ ಬರಬೇಕೆಂದು ಹಟ ಹಿಡಿದರಂತೆ. ಫ್ಯೂಜು ಕಾಣದಿದ್ದರೆ ಮಗ್ಗ ಮುಟ್ಟುವುದಿಲ್ಲವೆಂದು.

ಅಂದು ಮಧ್ಯಾಹ್ನ ಹೋಳಿಗೆ ಉಂಡಾದ ಮೇಲೆ ವೈನಿ ಎಂದಿನಂತೆ ಕಣ್ಣು ಮುಚ್ಚಿ ಕೈ ಚಾಚಿದಳು. ನಾನು ರೇಷ್ಮೆಯ ಎಳೆ ತೆಗೆದುಕೊಂಡು ಅವಳ ತೋರುಬೆರಳ ಮೇಲೆ ಇಳಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಹುಬ್ಬು ಗಂಟಿಕ್ಕಿದಳು.

“ಇದ್ಯಾಕ ಎರಡು ಇಟ್ಟೀ?”

ನೋಡಿದೆ. ಒಂದಕ್ಕೊಂದು ಅಂಟಿಕೊಂಡು ಎರಡು ಎಳೆ ಬಂದಿದ್ದವು. ನನ್ನ ಕಣ್ಣಿಗೆ ಅದು ಒಂದೇ ಆಗಿತ್ತು.

ಅವಳು ಕಣ್ಣು ತೆರೆಯಲಿಲ್ಲ. ಹೆಬ್ಬೆರಳಿನಿಂದ ಎರಡನ್ನೂ ಬಿಡಿಸಿ, ಒಂದನ್ನು ಕೆಳಗೆ ಬಿಟ್ಟು, ಇನ್ನೊಂದನ್ನು ಹೊಸೆದಳು. ಆಮೇಲೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಳು. ನಡುಬೆರಳು ಇನ್ನೂ ಸತ್ತಂತೆಯೇ ಇತ್ತು, ಈಗಲೂ ಇದೆ. ಅದನ್ನು ಮಡಚಿ ಬದಿಗಿಟ್ಟುಕೊಂಡಳು. ಸಂಜೆಯ ಹೊತ್ತಿಗೆ ಮೂರು ಬೆರಳಗಲದಷ್ಟು ಕೊಂಡಿ ಬಿದ್ದಿತ್ತು. ಮೊದಲಾದರೆ ಅಷ್ಟು ಹೊತ್ತಿಗೆ ಅರ್ಧ ಸೆರಗು ಕೂಡಿರುತ್ತಿತ್ತು.

ಶನಿವಾರದ ಬರಹ ಈಗಲೂ ಹಾಕುತ್ತೇನೆ. ಬಣ್ಣ, ಗೋಡೆಚಿತ್ರ ಬರೆಯುವುದಿಲ್ಲ. ಟಿಪ್ಪಣಿಯನ್ನು ಕೊನೆಯ ಪುಟದಿಂದ ಓದಿಕೊಂಡು ಬರುತ್ತೇನೆ. ಏನು ಬದಲಾಯಿತು, ಏನು ಮುರಿಯಿತು, ಯಾರು ಹಾಕಬಾರದು, ಇದೇ ಮೊದಲ ಸಾಲು. ಓದುವವರು ಕಡಿಮೆಯಾಗಿದ್ದಾರೆ. ಮೊದಲಿನ ಸ್ವಾರಸ್ಯ ಇಲ್ಲ ಎಂದು ಒಬ್ಬರು ಬರೆದಿದ್ದರು. ಅವರಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಆ ಮೂರನೇ ಅಮಾವಾಸ್ಯೆಯ ಮರುದಿನ ವೈನಿ ನನ್ನ ಹಾಸಿಗೆಯ ಪಕ್ಕ ನಿಂತು ಕಾಲಿನಿಂದ ಎಬ್ಬಿಸಿದಳು. ಬಿಸಿಲು ಗೋಡೆಗೆ ಬಂದಿತ್ತು; ಮೂರು ತಿಂಗಳಲ್ಲಿ ನಾನು ಅಷ್ಟು ಹೊತ್ತು ಮಲಗಿದ್ದು ಅದೇ ಮೊದಲು. ಹಿತ್ತಿಲಲ್ಲಿ ನಾಲ್ಕೂ ಮಗ್ಗ ಖಟ್ ಖಟ್ ಎಂದು ಓಡುತ್ತಿದ್ದವು, ಓಣಿಯೆಲ್ಲ ಓಡುತ್ತಿತ್ತು, ನನಗೆ ಕೇಳಿಯೇ ಇರಲಿಲ್ಲ.

“ಏಳ ಇನ್ನ. ಹುನಗುಂದದ ಬಸ್ ಹೋತು,” ಎಂದಳು. “ನಾನೂ ಈಗ ಎದ್ದೆ.”